ಬಿದಿರಿನ ಆರ್ಗನ್ನೂ ಸ್ವತಂತ್ರ ಜನಾಂಗವೂ

ಪರಕೀಯರ ಆಳಿಕೆಯಿಂದ ಬಿಡುಗಡೆ ಹೊಂದಿದ ದೇಶವು ಅವರು ಬಿಟ್ಟುಹೋದ ವಸ್ತುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯು ಒಂದಲ್ಲ ಒಂದು ರೂಪದಲ್ಲಿ ಮೇಲೇಳುತ್ತಲೇ ಇರುತ್ತದೆ. ಕಟ್ಟಡಗಳು, ಪ್ರತಿಮೆಗಳು, ಬೀದಿಗಳ ಹೆಸರುಗಳು, ಕಾಯಿದೆಗಳು, ಭಾಷೆ, ವಾದ್ಯ, ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತ್ಯಜಿಸಬೇಕು? ಈ ವಿಷಯದಲ್ಲಿ ವಾದಮಾಡುವವರು ಸಾಮಾನ್ಯವಾಗಿ ಎರಡು ಪಂಗಡದವರು. ದಾಸ್ಯದ ಗುರುತುಗಳೆಲ್ಲವನ್ನೂ ಬೇರುಸಹಿತ ಕಿತ್ತೊಗೆಯಬೇಕೆಂಬವರು ಒಂದು ಕಡೆ. ಹಳೆಯ ದೊರೆಗಳು ಮುಟ್ಟಿದ್ದೆಲ್ಲವೂ ಚಿನ್ನವೆಂದು ನಂಬಿ ಇಂದಿಗೂ ನಿಟ್ಟುಸಿರು ಬಿಡುವವರು ಮತ್ತೊಂದು ಕಡೆ. ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಒಗ್ಗದ ಒಂದು ವಸ್ತುವಿನ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಬಹುದಿನಗಳಿಂದ ಯೋಚಿಸುತ್ತಿದ್ದೆವು. ಆ ವಸ್ತುವು ನಮ್ಮ ದೇಶದ್ದಲ್ಲ. ಆದರೆ ಅದನ್ನು ಮಾಡಿರುವುದು ನಮಗೆ ಚಿರಪರಿಚಿತವಾದ ಬಿದಿರಿನಿಂದ.

ಫಿಲಿಪೈನ್ಸ್ ದ್ವೀಪಗಳ ರಾಜಧಾನಿಯಾದ ಮನಿಲಾ ನಗರಕ್ಕೆ ದಕ್ಷಿಣದಲ್ಲಿ, ಈಗ ಆ ಮಹಾನಗರದ ಒಂದು ಅಂಗವೇ ಆಗಿರುವ ಲಾಸ್ ಪಿನ್ಯಾಸ್ ಎಂಬ ಊರಿದೆ. ಅಲ್ಲಿಯ ಸಂತ ಜೋಸೆಫರ ಹಳೆಯ ಕಲ್ಲಿನ ಇಗರ್ಜಿಯೊಳಗೆ ಒಂದು ಪೈಪ್ ಆರ್ಗನ್ನು ನಿಂತಿದೆ. ಅದರ ಕೊಳವೆಗಳ ಸಂಖ್ಯೆ ೧೦೩೧. ಅವುಗಳಲ್ಲಿ ೧೨೯ ಮಾತ್ರ ಲೋಹದವು. ಮಿಕ್ಕ ೯೦೨ ಬಿದಿರಿನವು. ಯೂರೋಪಿನ ಇಗರ್ಜಿಗಳಲ್ಲಿ ತವರ ಸೀಸಗಳ ಮಿಶ್ರಲೋಹದಿಂದಲೂ ಮರದಿಂದಲೂ ಆರ್ಗನ್ನಿನ ಕೊಳವೆಗಳನ್ನು ಮಾಡುವ ರೂಢಿಯು ಶತಮಾನಗಳಿಂದ ಬಂದಿದೆ. ಹೆಚ್ಚುಕಡಿಮೆ ಇಡಿಯ ವಾದ್ಯವನ್ನೇ ಬಿದಿರಿನಿಂದ ಕಟ್ಟಿ, ಅದು ಇನ್ನೂರು ವರ್ಷಗಳಾದ ಮೇಲೂ ಬಾರಿಸಲ್ಪಡುತ್ತಿರುವ ನಿದರ್ಶನಕ್ಕೆ ಜಗತ್ತಿನ ಸಂಗೀತಜ್ಞರು ತೋರಿಸುವುದು ಈ ಊರನ್ನೇ.

ಆರ್ಗನ್ನೆಂದರೆ ಏನೆಂಬುದನ್ನು ಮೊದಲು ಎರಡು ಮಾತಿನಲ್ಲಿ ಹೇಳಬೇಕು. ನಮ್ಮಲ್ಲಿ ಬಹುಜನರು ಕಂಡಿರುವುದು ಅದರ ದೂರದ ತಂಗಿಯಾದ ಹಾರ್ಮೋನಿಯಮ್ಮನ್ನು. ಹಾರ್ಮೋನಿಯಮ್ಮಿನಲ್ಲಿ ತಿದಿಯ ಗಾಳಿಯು ಹಿತ್ತಾಳೆಯ ಸಣ್ಣ ನಾಲಗೆಗಳನ್ನು ಅದಿರಿಸಿ ಧ್ವನಿಯನ್ನು ಹೊರಡಿಸುತ್ತದೆ. ಪೈಪ್ ಆರ್ಗನ್ನಿನಲ್ಲಿಯಾದರೋ ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆಯು ಪ್ರತ್ಯೇಕವಾಗಿ ನಿಂತಿರುತ್ತದೆ. ತಿದಿಗಳು ತುಂಬಿದ ಗಾಳಿಯು ಕೆಳಗಿನ ದೊಡ್ಡ ಗಾಳಿಪೆಟ್ಟಿಗೆಯಲ್ಲಿ ಒತ್ತಿಕೊಂಡಿರುತ್ತದೆ. ಬಾರಿಸುವವನು ಕೀಲಿಯನ್ನು ಅದುಮಿದೊಡನೆ ಒಂದು ಮುಚ್ಚಳವು ತೆರೆದು, ಆ ಗಾಳಿಯು ಮೇಲಿನ ಕೊಳವೆಯನ್ನು ಹೊಗುತ್ತದೆ. ಬಹುಪಾಲು ಕೊಳವೆಗಳು ಜಾತ್ರೆಯಲ್ಲಿ ಮಕ್ಕಳು ಊದುವ ಸಿಳ್ಳೆಯ ತತ್ತ್ವದವು. ಗಾಳಿಯು ಒಂದು ಸೀಳಿನ ತುಟಿಗೆ ಬಡಿದು ಒಳಗಿನ ಗಾಳಿಯ ಕಂಬವನ್ನು ನುಡಿಸುತ್ತದೆ. ಕೆಲವು ಕೊಳವೆಗಳಲ್ಲಿ ಬುಡದಲ್ಲಿ ಲೋಹದ ನಾಲಗೆಯಿದ್ದು, ಅದು ನಾಗಸ್ವರದ ಬಾಯಿಯಲ್ಲಿ ಪೀಪಿಯು ಅದಿರುವಂತೆ ಅದಿರುತ್ತದೆ. ಕೊಳವೆಯು ಉದ್ದವಾದಷ್ಟೂ ಸ್ವರವು ತಗ್ಗು. ಉದ್ದವನ್ನು ಅರ್ಧಮಾಡಿದರೆ ಸ್ವರವು ಒಂದು ಸ್ಥಾಯಿ ಮೇಲಕ್ಕೇರುತ್ತದೆ. ಒಂದೇ ಬಗೆಯ ದನಿಯ ಕೊಳವೆಗಳ ಸಾಲಿಗೆ ಒಂದು ಗುಂಡಿ. ಅದನ್ನು ಎಳೆದರೆ ಆ ಸಾಲು ನುಡಿಯುತ್ತದೆ, ತಳ್ಳಿದರೆ ಸುಮ್ಮನಾಗುತ್ತದೆ. ಹೀಗೆ ಒಬ್ಬನೇ ಕುಳಿತು ನೂರಾರು ಕೊಳಲುಗಳ ಮೇಳವನ್ನು ನಡೆಸಬಹುದು.

ಸ್ಪೇನ್ ದೇಶದವರು ಈ ವಾದ್ಯಕ್ಕೆ ತಮ್ಮದೇ ಆದ ಎರಡು ಲಕ್ಷಣಗಳನ್ನು ಕೊಟ್ಟರು. ಕೊಳವೆಗಳ ಸಾಲನ್ನು ನಡುವೆ ಎರಡು ಹೋಳುಮಾಡಿ, ಎಡಗೈಗೆ ಒಂದು ದನಿ, ಬಲಗೈಗೆ ಬೇರೆ ದನಿ ಬರುವಂತೆ ಏರ್ಪಡಿಸಿದುದು ಒಂದು. ಇದರಿಂದ ಒಂದೇ ಕೀಲಿಮಣೆಯ ಸಣ್ಣ ವಾದ್ಯವೂ ಎರಡು ವಾದ್ಯಗಳ ಕೆಲಸವನ್ನು ಮಾಡುತ್ತದೆ. ಕಹಳೆಯ ದನಿಯ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸದೆ ಜನರ ತಲೆಯ ಮೇಲಕ್ಕೆ ಅಡ್ಡಲಾಗಿ ಚಾಚಿದುದು ಇನ್ನೊಂದು. ಅವುಗಳನ್ನು ನೋಡಿದರೆ ಕೋಟೆಯ ಬುರುಜಿನಿಂದ ಹೊರಚಾಚಿದ ಕಹಳೆಗಾರರ ನೆನಪಾಗುತ್ತದೆ. ಈ ಎರಡು ಲಕ್ಷಣಗಳೂ ಸಮುದ್ರವನ್ನು ದಾಟಿ ಲಾಸ್ ಪಿನ್ಯಾಸಿಗೆ ಬಂದಿವೆ.

ಸ್ಪೇನಿನವರು ಆ ದ್ವೀಪಗಳಲ್ಲಿ ನೆಲೆಯೂರಿದುದು ೧೫೬೫ರಲ್ಲಿ; ಮನಿಲಾವನ್ನು ತಮ್ಮ ರಾಜಧಾನಿಯಾಗಿ ಮಾಡಿಕೊಂಡುದು ೧೫೭೧ರಲ್ಲಿ. ಅಲ್ಲಿಂದ ೧೮೯೮ರ ವರೆಗೆ, ಮುನ್ನೂರು ವರ್ಷಗಳಿಗೂ ಮಿಗಿಲಾಗಿ, ಅವರ ಆಳಿಕೆಯು ನಡೆಯಿತು. ನಡುವೆ ೧೭೬೨ರಿಂದ ೧೭೬೪ರ ವರೆಗೆ ಮಾತ್ರ ಆಂಗ್ಲರು ಮನಿಲಾವನ್ನು ಹಿಡಿದಿದ್ದರು. ಆ ದಂಡು ಹೊರಟುದು ನಮ್ಮ ಮದರಾಸಿನಿಂದ. ಅದರಲ್ಲಿ ದಕ್ಷಿಣದೇಶದ ಸಿಪಾಯಿಗಳೂ ಇದ್ದರು. ಅವರಲ್ಲಿ ಕೆಲವರು ಹಿಂದಿರುಗದೆ ಮನಿಲಾದ ಬಳಿಯ ಕೈಂಟಾ ಎಂಬಲ್ಲಿಯೇ ಮದುವೆಯಾಗಿ ನಿಂತರು. ಇನ್ನೊಬ್ಬರ ದಾಸ್ಯವನ್ನು ಬಲಪಡಿಸುವುದಕ್ಕೆ ನಮ್ಮವರು ಕೂಲಿಗೆ ಹೋದ ಸಂದರ್ಭಗಳಲ್ಲಿ ಇದೂ ಒಂದು.

ಸ್ಪೇನಿನ ಆಳಿಕೆಯು ಅಲ್ಲಿ ಊರೂರುಗಳಲ್ಲಿ ಪಾದ್ರಿಗಳ ಮೂಲಕ ನಡೆಯಿತು. ಸನ್ಯಾಸಿ ಸಂಘಗಳಿಗೆ ಸೇರಿದ ಈ ಪಾದ್ರಿಗಳೇ ಊರಿನ ಧರ್ಮಾಧಿಕಾರಿ, ಉಪಾಧ್ಯಾಯ, ಹಲವೆಡೆ ಅಮಲ್ದಾರರೂ ಆಗಿದ್ದರು. ವಯಸ್ಸಿಗೆ ಬಂದ ಗಂಡಸರು ವರ್ಷಕ್ಕೆ ೪೦ ದಿನಗಳ ಬಿಟ್ಟಿ ದುಡಿಮೆಯನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗಿದ್ದಿತು. ೧೮೮೪ರಲ್ಲಿ ಅದನ್ನು ೧೫ ದಿನಗಳಿಗೆ ಇಳಿಸಿದರು. ಹಡಗು, ಸೇತುವೆ, ರಸ್ತೆ, ಇಗರ್ಜಿಗಳೆಲ್ಲಕ್ಕೂ ಈ ಬಿಟ್ಟಿಯೇ ಆಧಾರ. ಆ ದ್ವೀಪಗಳ ಭವ್ಯವಾದ ಇಗರ್ಜಿಗಳನ್ನು ಹೊಗಳುವವರು ಈ ೪೦ ದಿನಗಳನ್ನು ಮರೆಯತಕ್ಕದ್ದಲ್ಲ.

ಇಂತಹ ಪಾದ್ರಿಗಳಲ್ಲಿ ಒಬ್ಬರು ದಿಯೇಗೋ ಸೆರಾ. ಇವರು ೧೭೬೨ರಲ್ಲಿ ಸ್ಪೇನಿನ ಆರಗಾನ್ ಪ್ರಾಂತದ ಗ್ರೌಸ್ ಎಂಬ ಊರಿನಲ್ಲಿ ಹುಟ್ಟಿದರು. ಆಂಗ್ಲರು ಮನಿಲಾವನ್ನು ಮುತ್ತಿದ ವರ್ಷವೇ ಅದು. ರೆಕೊಲೆಕ್ಟ್ ಎಂಬ ಆಗಸ್ಟೀನಿಯನ್ ಶಾಖೆಯ ಸನ್ಯಾಸಿಯಾಗಿ ಪೂರ್ವದೇಶಕ್ಕೆ ಬಂದು, ೧೭೯೫ರಲ್ಲಿ ಲಾಸ್ ಪಿನ್ಯಾಸಿನ ಮೊದಲನೆಯ ಪಾದ್ರಿಯಾಗಿ ನೇಮಕಗೊಂಡರು. ಅದು ಆಗ ಸಮುದ್ರತೀರದ ಒಂದು ಬಡಗ್ರಾಮ. ಅಲ್ಲಿ ಅವರು ೧೭೯೭ರಲ್ಲಿ ಕಲ್ಲಿನ ಇಗರ್ಜಿಯ ಕೆಲಸವನ್ನು ಆರಂಭಿಸಿದರು. ಅದು ಮುಗಿದುದು ೧೮೧೯ರಲ್ಲಿ. ಆರ್ಗನ್ನಿನ ಕೆಲಸವನ್ನು ೧೮೧೬ರಲ್ಲಿಯೇ ಹಿಡಿದರು. ಇಗರ್ಜಿಯ ಗೋಡೆ ಪೂರ್ತಿಯಾಗುವುದಕ್ಕೆ ಮೊದಲೇ ಅದರ ವಾದ್ಯದ ಚಿಂತೆಯನ್ನು ಮಾಡಿದ ಮನುಷ್ಯನ ಸ್ವಭಾವವನ್ನು ನಾವು ಊಹಿಸಬಹುದು.

ಬಿದಿರನ್ನು ಅವರು ಏಕೆ ಆರಿಸಿದರೆಂಬುದಕ್ಕೆ ದೊಡ್ಡ ತತ್ತ್ವವನ್ನು ಹುಡುಕಬೇಕಾದುದಿಲ್ಲವೆಂದು ನಮ್ಮ ಅಭಿಪ್ರಾಯ. ಲೋಹದ ಕೊಳವೆಗಳು ದುಬಾರಿ. ಬಿದಿರಾದರೋ ಹಿತ್ತಲಿನಲ್ಲಿಯೇ ಬೆಳೆದಿತ್ತು, ಅದನ್ನು ಕಡಿದು ಸೀಳಿ ಹದಮಾಡಬಲ್ಲ ಕೈಗಳು ಊರಿನಲ್ಲಿಯೇ ಇದ್ದವು. ಬಡತನವು ಬುದ್ಧಿಯನ್ನು ಕೆರಳಿಸಿತು. ಆದರೆ ಬಿದಿರಿಗೆ ಒಂದು ದೊಡ್ಡ ಶತ್ರುವುಂಟು, ಅದು ಹುಳು. ಹಸಿ ಬಿದಿರಿನೊಳಗಿನ ಹಿಟ್ಟಿಗೆ ಆಸೆಪಟ್ಟು ಕೊರೆಯುವ ಹುಳುವು ಒಂದೆರಡು ವರ್ಷಗಳಲ್ಲಿ ಗಳುವನ್ನು ಪುಡಿಮಾಡಿಬಿಡುತ್ತದೆ. ಇದು ನಮ್ಮ ಮಲೆನಾಡಿನ ರೈತನಿಗೂ ಮೇದರವನಿಗೂ ಗೊತ್ತಿರುವ ಸಂಗತಿ. ಆದಕಾರಣವೇ ಅವರು ಕಡಿದ ಬಿದಿರನ್ನು ಕೆರೆಯಲ್ಲಿಯೋ ಹೊಳೆಯಲ್ಲಿಯೋ ವಾರಗಟ್ಟಲೆ ನೆನೆಹಾಕಿ ಆ ಹಿಟ್ಟನ್ನು ಕಳೆಯುತ್ತಾರೆ. ಲಾಸ್ ಪಿನ್ಯಾಸಿನಲ್ಲಿ ಕಡಿದ ಗಳುಗಳನ್ನು ಸಮುದ್ರತೀರದ ಉಪ್ಪುಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟರು. ಆಮೇಲೆ ಅಗೆದು ತೆಗೆದಾಗ ಹುಳುಬೀಳದೆ ಗಟ್ಟಿಯಾಗಿ ಉಳಿದುವನ್ನು ಮಾತ್ರ ಆರಿಸಿಕೊಂಡು ಕೊಳವೆಗಳನ್ನು ಕೊಯ್ದರು. ಇನ್ನೂರು ವರ್ಷಗಳ ಬಾಳಿಕೆಗೆ ಮೂಲವು ಈ ಕಾದು ಕುಳಿತ ಕಾಲದಲ್ಲಿದೆ. ಮರಳಿನಲ್ಲಿ ಹೂಳುವ ಉಪಾಯವು ಆರಗಾನಿನ ಬೆಟ್ಟಗಳಲ್ಲಿ ಕಲಿತುದಾಗಿರಲಾರದು. ವಾದ್ಯದ ಲೆಕ್ಕಾಚಾರವು ಪಾದ್ರಿಯದು. ಬಿದಿರಿನ ವಿದ್ಯೆಯು ಆ ತೀರದ ಜನರದು. ಗ್ರಂಥಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೆಸರು ಸಿಕ್ಕಿರುವುದು ಚರಿತ್ರೆಯ ಹಳೆಯ ಪಕ್ಷಪಾತ.

೧೮೨೧ರ ಹೊತ್ತಿಗೆ ವಾದ್ಯವು ಬಾರಿಸುವ ಸ್ಥಿತಿಗೆ ಬಂದಿತು. ಕಹಳೆಯ ಕೊಳವೆಗಳು ಮಾತ್ರ ಉಳಿದುವು. ಅಡ್ಡಲಾಗಿ ಚಾಚಬೇಕಾದ, ತುದಿಗೆ ಹೋದಂತೆ ಅಗಲವಾಗಬೇಕಾದ ಆ ಕೊಳವೆಗಳಿಗೆ ಬಿದಿರು ಒಗ್ಗಲಿಲ್ಲ. ಕೊನೆಗೆ ಅವುಗಳನ್ನು ಲೋಹದಿಂದಲೇ ಮಾಡಿಸಿ ೧೮೨೪ರಲ್ಲಿ ವಾದ್ಯವನ್ನು ಪೂರ್ತಿಗೊಳಿಸಿದರು. ನಮ್ಮ ಸ್ವದೇಶಿ ಮಿತ್ರರು ಈ ೧೨೯ ಲೋಹದ ಕೊಳವೆಗಳನ್ನು ಸ್ವಲ್ಪ ಗಮನಿಸಬೇಕೆಂದು ಕೋರುತ್ತೇವೆ. ಊರಿನ ವಸ್ತುವಿನಿಂದ ಆಗುವಷ್ಟನ್ನು ಊರಿನ ವಸ್ತುವಿನಿಂದಲೇ ಮಾಡಿ, ಆಗದಿರುವೆಡೆಯಲ್ಲಿ ಹಟಹಿಡಿದು ಕೆಲಸವನ್ನು ಕೆಡಿಸದಿರುವುದೂ ಸ್ವದೇಶಿಯೇ. ಈ ವಾದ್ಯದಲ್ಲಿ ಮಕ್ಕಳಿಗೆ ಬಹಳ ಪ್ರಿಯವಾದ ಇನ್ನೊಂದು ಅಂಗವೂ ಇದೆ: ಸಣ್ಣ ಕೊಳವೆಗಳ ಬಾಯಿಯನ್ನು ನೀರಿನಲ್ಲಿ ಅದ್ದಿಟ್ಟು ಗಾಳಿಯನ್ನು ಬಿಟ್ಟರೆ ಹಕ್ಕಿಗಳು ಕಲಕಲಿಸಿದಂತಾಗುತ್ತದೆ. ಸನ್ಯಾಸಿಗಳ ಕಟ್ಟುನಿಟ್ಟಿನ ನಡುವೆ ಈ ವಿನೋದಕ್ಕೂ ಎಡೆಯಿದ್ದಿತು.

ಸರಿಯಾಗಿ ಇದೇ ೧೮೨೪ರಲ್ಲಿ, ದಕ್ಷಿಣದ ಬೊಹೋಲ್ ದ್ವೀಪದ ಬಾಕ್ಲಾಯೋನ್ ಎಂಬ ಊರಿನ ಇಗರ್ಜಿಯಲ್ಲಿಯೂ ಒಂದು ಆರ್ಗನ್ನನ್ನು ಸ್ಥಾಪಿಸಿದರು. ಹವಳದ ಕಲ್ಲಿನಿಂದ ಕಟ್ಟಿದ ಆ ಇಗರ್ಜಿಯು ಮೊದಲು ಜೆಸ್ಯುಯಿಟರದಾಗಿದ್ದು, ೧೭೬೮ರಲ್ಲಿ ಅವರನ್ನು ಹೊರದೂಡಿದ ಮೇಲೆ ರೆಕೊಲೆಕ್ಟರ ಕೈಸೇರಿತ್ತು. ಬೊಹೋಲಿನ ಕಡಲತೀರದ ಊರೂರುಗಳಲ್ಲಿ ಅವರು ಇಂತಹ ವಾದ್ಯಗಳನ್ನು ಕಟ್ಟಿಸಿದರು. ಆದರೆ ಬೊಹೋಲಿನ ಹೆಸರನ್ನು ಹೇಳಿದೊಡನೆ ಇನ್ನೊಂದು ಚರಿತ್ರೆಯನ್ನೂ ಹೇಳಲೇಬೇಕು. ೧೭೪೪ರಲ್ಲಿ ಆ ದ್ವೀಪದ ಫ್ರಾನ್ಸಿಸ್ಕೋ ದಾಗೊಹೊಯ್ ಎಂಬ ನಾಯಕನು, ತನ್ನ ತಮ್ಮನ ಶವಕ್ಕೆ ಕ್ರೈಸ್ತ ಸಂಸ್ಕಾರವನ್ನು ಪಾದ್ರಿಯು ನಿರಾಕರಿಸಿದನೆಂಬ ಸಂಕಟದಿಂದ ದಂಗೆಯೆದ್ದನು. ಬಿಟ್ಟಿ ಕಂದಾಯಗಳಿಂದ ಬೇಸತ್ತಿದ್ದ ಸಾವಿರಾರು ಜನರು ಅವನೊಡನೆ ಬೆಟ್ಟಗಳನ್ನು ಸೇರಿದರು. ಆ ದಂಗೆಯು ಒಂದೆರಡು ವರ್ಷಗಳಲ್ಲ, ೧೮೨೯ರ ವರೆಗೆ, ೮೫ ವರ್ಷಗಳ ಕಾಲ, ನಾಯಕನು ಸತ್ತ ಮೇಲೆಯೂ ಅವನ ಮಕ್ಕಳ ಮೊಮ್ಮಕ್ಕಳ ಕಾಲದಲ್ಲಿಯೂ ನಡೆಯಿತು. ಎಂದರೆ, ಬಾಕ್ಲಾಯೋನಿನಲ್ಲಿ ಹೊಸ ಆರ್ಗನ್ನು ಮೊದಲ ಸಲ ನುಡಿದಾಗ ಅದೇ ದ್ವೀಪದ ಒಳಗಿನ ಬೆಟ್ಟಗಳಲ್ಲಿ ಸ್ವತಂತ್ರ ಜನರು ಆಯುಧ ಹಿಡಿದು ಕುಳಿತಿದ್ದರು. ತೀರದಲ್ಲಿ ಸ್ತೋತ್ರ, ಬೆಟ್ಟದಲ್ಲಿ ಯುದ್ಧ. ಈ ಎರಡರಲ್ಲಿ ಯಾವುದು ಆ ಜನರ ನಿಜವಾದ ಚರಿತ್ರೆಯೆಂದು ಕೇಳಿದರೆ ನಾವು ಎರಡನೆಯದೆಂದು ಹೇಳಲು ಹಿಂಜರಿಯೆವು. ಆದರೂ ಆ ಆರ್ಗನ್ನಿನ ಕಥೆಯು ಅಲ್ಲಿಗೆ ಮುಗಿಯಲಿಲ್ಲ.

ಪಾದ್ರಿಗಳ ಪ್ರಭುತ್ವದ ಮೇಲೆ ಫಿಲಿಪೈನ್ಸಿನ ದೇಶಾಭಿಮಾನಿಗಳಿಗೆ ಇದ್ದ ಕೋಪವು ಸಾಮಾನ್ಯವಾದುದಲ್ಲ. ೧೮೭೨ನೆಯ ಫೆಬ್ರವರಿ ೧೭ರಂದು ಗೋಮೆಸ್, ಬುರ್ಗೋಸ್, ಸಮೋರ ಎಂಬ ಮೂವರು ಸ್ಥಳೀಯ ಪಾದ್ರಿಗಳನ್ನು ಬಹಿರಂಗವಾಗಿ ಕೊರಳು ಬಿಗಿದು ಕೊಂದರು. ಊರಿನ ಇಗರ್ಜಿಗಳ ಅಧಿಕಾರವು ದೇಶೀಯ ಪಾದ್ರಿಗಳಿಗೆ ಸಲ್ಲಬೇಕೆಂಬ ಪಕ್ಷದವರು ಅವರು. ಜೋಸೆ ರಿಸಾಲರು ೧೮೮೭ರಲ್ಲಿ ಪ್ರಕಟಿಸಿದ ತಮ್ಮ ಕಾದಂಬರಿಯಲ್ಲಿ ಸನ್ಯಾಸಿ ಪಾದ್ರಿಗಳ ದರ್ಪವನ್ನು ಬಯಲಿಗೆಳೆದರು. ೧೮೯೬ನೆಯ ಡಿಸೆಂಬರ್ ೩೦ರಂದು ಅವರು ಗುಂಡಿಗೆ ಬಲಿಯಾದರು. ಹೀಗಿರಲು, ಸ್ವತಂತ್ರರಾದ ಮೇಲೆ ಆ ಜನರು ಸನ್ಯಾಸಿಯೊಬ್ಬನು ಕಟ್ಟಿಸಿದ ವಾದ್ಯವನ್ನು ಒಲೆಗೆ ಹಾಕಿದ್ದರೂ ಆಶ್ಚರ್ಯಪಡುವ ಹಾಗಿರಲಿಲ್ಲ.

ಒಲೆಗೆ ಹಾಕಲಿಲ್ಲ; ಆದರೆ ಬಹುಕಾಲ ಉಪೇಕ್ಷಿಸಿದರು. ೧೮೬೩ರ ಮತ್ತು ೧೮೮೦ರ ಭೂಕಂಪಗಳೂ ೧೮೮೨ರ ಭಯಂಕರವಾದ ಬಿರುಗಾಳಿಯೂ ಇಗರ್ಜಿಯ ಮಾಡನ್ನು ಕೆಡವಿ ಆರ್ಗನ್ನನ್ನು ಮಳೆಗೆ ಒಡ್ಡಿದವು. ಕೊಳವೆಗಳನ್ನು ಕಳಚಿ ಒಂದು ಕೋಣೆಯಲ್ಲಿ ತುಂಬಿಟ್ಟರು. ಅವು ಅಲ್ಲಿಯೇ ಧೂಳು ತಿನ್ನುತ್ತ ಬಿದ್ದಿದ್ದವು. ೧೯೧೧ರಲ್ಲಿ ಆ ಊರಿಗೆ ಬಂದ ಬೆಲ್ಜಿಯಂ ದೇಶದ ಪಾದ್ರಿಗಳು ಅವುಗಳನ್ನು ಹುಡುಕಿ ತೆಗೆದು, ೧೯೧೭ರ ವೇಳೆಗೆ ವಾದ್ಯವನ್ನು ಭಾಗಶಃ ನುಡಿಸುವಂತೆ ಮಾಡಿದರು. ಮುಂದಿನ ಐವತ್ತು ವರ್ಷಗಳಲ್ಲಿ ಅದು ಕುಂಟುತ್ತಲೇ ನಡೆಯಿತು.

ಊರಹೊರಗಿನ ಬಡಗ್ರಾಮದಲ್ಲಿದ್ದುದೇ ಅದರ ಪುಣ್ಯ. ೧೯೪೫ನೆಯ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಜಪಾನೀಯರಿಗೂ ಅಮೆರಿಕನರಿಗೂ ನಡೆದ ಯುದ್ಧದಲ್ಲಿ ಮನಿಲಾ ನಗರವು ಮಸಣವಾಯಿತು. ಸುಮಾರು ಒಂದು ಲಕ್ಷ ನಾಗರಿಕರು ಸತ್ತರೆಂದು ಅಂದಾಜು. ಕೋಟೆಯೊಳಗಿನ ಹಳೆಯ ನಗರದಲ್ಲಿದ್ದ ಏಳು ಇಗರ್ಜಿಗಳಲ್ಲಿ ೧೬೦೭ರಲ್ಲಿ ಪೂರ್ತಿಯಾದ ಸಂತ ಆಗಸ್ಟೀನರ ಇಗರ್ಜಿಯೊಂದು ಮಾತ್ರ ನಿಂತಿತು. ಮಿಕ್ಕುವುಗಳೊಡನೆ ಅವುಗಳ ಆರ್ಗನ್ನುಗಳೂ ಹೋದವು. ೧೯೫೮ರಲ್ಲಿ ಮನಿಲಾದ ಪ್ರಧಾನ ಇಗರ್ಜಿಯು ಮತ್ತೆ ಎದ್ದು ನಿಂತಾಗ ಅದರ ಹೊಸ ಆರ್ಗನ್ನನ್ನು ಹಾಲೆಂಡಿನ ಪೆಲ್ಸ್ ಕಂಪೆನಿಯಿಂದ ತರಿಸಬೇಕಾಯಿತು. ಸ್ವಾತಂತ್ರ್ಯವು ೧೯೪೬ನೆಯ ಜುಲೈ ೪ರಂದೇ ಬಂದಿತ್ತು. ಆದರೆ ಆರ್ಗನ್ನನ್ನು ಕಟ್ಟುವ ಕೈಯು ದೇಶದಲ್ಲಿ ಇರಲಿಲ್ಲ.

ಬಿದಿರಿನ ಆರ್ಗನ್ನಿನ ಜೀರ್ಣೋದ್ಧಾರಕ್ಕೂ ಅದೇ ಗತಿಯಾಯಿತು. ೧೯೭೩ರಲ್ಲಿ ಅದನ್ನು ಬಿಡಿಬಿಡಿಯಾಗಿ ಕಳಚಿ ಕಡಲಾಚೆಗೆ ಕಳುಹಿಸಿದರು. ಜರ್ಮನಿಯ ಬಾನ್ ನಗರದಲ್ಲಿ ೧೮೮೨ರಲ್ಲಿ ಸ್ಥಾಪಿತವಾದ ಕ್ಲಾಯಿಸ್ ಎಂಬ ಆರ್ಗನ್ ಕಾರ್ಖಾನೆಯು ಆ ಕೆಲಸವನ್ನು ಒಪ್ಪಿಕೊಂಡಿತು. ಉಷ್ಣದೇಶದ ಬಿದಿರು ಯೂರೋಪಿನ ಚಳಿಗೆ ಸೀಳಿಹೋಗಬಾರದೆಂದು ಅಲ್ಲಿ ಒಂದು ಕೋಣೆಯನ್ನು ಫಿಲಿಪೈನ್ಸಿನ ಸೆಕೆ ತೇವಗಳಂತೆಯೇ ಏರ್ಪಡಿಸಿ ಕೆಲಸ ಮಾಡಿದರು. ೧೯೭೫ರಲ್ಲಿ ವಾದ್ಯವು ಹಿಂದಿರುಗಿತು. ಊರಿನವರು ಅದನ್ನು ಸಂಭ್ರಮದಿಂದ ಬರಮಾಡಿಕೊಂಡರು. ಜರ್ಮನರ ಶ್ರದ್ಧೆಯನ್ನು ನಾವು ಮನಃಪೂರ್ವಕವಾಗಿ ಶ್ಲಾಘಿಸುತ್ತೇವೆ. ಆದರೂ, ತಾನು ಮರಳಿನಲ್ಲಿ ಹೂತು ಹದಮಾಡಿದ ಬಿದಿರನ್ನು ಸರಿಪಡಿಸುವುದಕ್ಕೆ ರೈನ್ ನದಿಯ ದಡಕ್ಕೆ ಕಳುಹಿಸಬೇಕಾಗಿ ಬಂದ ಜನಾಂಗದ ಮನಸ್ಸಿನಲ್ಲಿ ಸಂತೋಷದ ಜೊತೆಗೆ ಒಂದು ಮುಳ್ಳೂ ಚುಚ್ಚಿರಬೇಕು.

ಮುಂದೆ ನಡೆದುದೇ ಈ ಲೇಖನಕ್ಕೆ ಕಾರಣ. ಲಾಸ್ ಪಿನ್ಯಾಸಿನವರು ಆ ಮುಳ್ಳನ್ನು ಹಾಗೆಯೇ ಬಿಡಲಿಲ್ಲ. ಊರಿನ ತರುಣರು ಯೂರೋಪಿಗೆ ಹೋಗಿ ಆರ್ಗನ್ ಕಟ್ಟುವ ಕಸಬನ್ನೇ ಕಲಿತರು. ಒಬ್ಬ ಒಳ್ಳೆಯ ಆರ್ಗನ್ನುಗಾರನಾಗಬೇಕಾದರೆ ಬಡಗಿಯ ಕೈ, ಕಮ್ಮಾರನ ಕೈ, ಚಕ್ಕಳದ ಕೆಲಸ, ಶ್ರುತಿಜ್ಞಾನ, ಗಣಿತ, ಇಷ್ಟೂ ಬೇಕು. ವರ್ಷಾನುಗಟ್ಟಲೆ ಯಜಮಾನನ ಬಳಿ ಕೆಲಸಗಾರನಾಗಿ ದುಡಿಯದೆ ಅದು ಬರುವಂತಹದಲ್ಲ. ಅವರು ಹಿಂದಿರುಗಿ ಬಂದು ೧೯೯೪ರಲ್ಲಿ ತಮ್ಮ ಊರಿನಲ್ಲಿಯೇ ಕಾರ್ಖಾನೆಯೊಂದನ್ನು ತೆರೆದರು. ಅದಕ್ಕೆ ಇಟ್ಟ ಹೆಸರು ದಿಯೇಗೋ ಸೆರಾ ಆರ್ಗನ್ ನಿರ್ಮಾಪಕರು ಎಂದು. ಸನ್ಯಾಸಿ ಪಾದ್ರಿಯ ಹೆಸರನ್ನು ಸ್ವತಂತ್ರ ದೇಶದ ಕೆಲಸಗಾರರು ತಮ್ಮ ಕಾರ್ಖಾನೆಯ ಬಾಗಿಲಿನ ಮೇಲೆ ಬರೆದುಕೊಂಡರು! ರಿಸಾಲರು ಇದನ್ನು ಕಂಡಿದ್ದರೆ ಮುಗುಳ್ನಗುತ್ತಿದ್ದರೆಂದು ನಮಗೆ ತೋರುತ್ತದೆ. ಕೋಪವು ತೀರಿಸಿಕೊಳ್ಳಬೇಕಾದ ಕಡೆ ತೀರಿದ ಮೇಲೆ ಗುಣವನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ.

೨೦೦೩-೦೪ರಲ್ಲಿ ಬಿದಿರಿನ ಆರ್ಗನ್ನಿಗೆ ಮತ್ತೆ ದುರಸ್ತಿಯು ಬೇಕಾಯಿತು. ಈ ಸಲ ಅದು ಹಡಗನ್ನೇರಲಿಲ್ಲ. ಊರಿನ ಕಾರ್ಖಾನೆಯೇ ಅದನ್ನು ಕಳಚಿ ಸರಿಪಡಿಸಿ ನಿಲ್ಲಿಸಿತು. ೨೦೦೩ರಲ್ಲಿಯೇ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಆ ವಾದ್ಯವನ್ನು ರಾಷ್ಟ್ರದ ಸಾಂಸ್ಕೃತಿಕ ನಿಧಿಯೆಂದು ಘೋಷಿಸಿತು. ಘೋಷಣೆಗಳು ಎಲ್ಲ ಸರ್ಕಾರಗಳಿಂದಲೂ ಸುಲಭವಾಗಿ ಹೊರಡುತ್ತವೆ. ನಮ್ಮ ಸರ್ಕಾರದ ಸಂರಕ್ಷಿತ ಸ್ಮಾರಕವೆಂಬ ಹಲಗೆಯ ಕೆಳಗೆ ಹುಲ್ಲು ಬೆಳೆದಿರುವುದನ್ನು ನಮ್ಮ ವಾಚಕರು ಎಷ್ಟೋ ಕಡೆ ಕಂಡಿದ್ದಾರೆ. ಇಲ್ಲಿ ಘೋಷಣೆಯ ಬೆನ್ನಿಗೆ ಉಳಿಯನ್ನು ಹಿಡಿದ ಕೈಗಳಿದ್ದುವೆಂಬುದೇ ವಿಶೇಷ.

ಆ ಕೈಗಳು ಬೊಹೋಲಿಗೂ ಹೋದವು. ಬಾಕ್ಲಾಯೋನಿನ ೧೮೨೪ರ ಆರ್ಗನ್ನನ್ನು ೨೦೦೮ರಲ್ಲಿ ಮತ್ತೆ ನುಡಿಯುವಂತೆ ಮಾಡಿದರು. ಐದು ವರ್ಷಗಳು ಕಳೆಯುವಷ್ಟರಲ್ಲಿ, ೨೦೧೩ನೆಯ ಅಕ್ಟೋಬರ್ ೧೫ರ ಬೆಳಿಗ್ಗೆ, ೭.೨ ಪ್ರಮಾಣದ ಭೂಕಂಪವು ಆ ದ್ವೀಪವನ್ನು ಅಲುಗಿಸಿತು. ಲೂನ್ ಮತ್ತು ಮಾರಿಬೊಹೊಕ್ ಊರುಗಳ ಪುರಾತನ ಇಗರ್ಜಿಗಳು ಕಲ್ಲುರಾಶಿಯಾದವು. ಲೊಬೋಕಿನದು ಅರ್ಧ ಬಿದ್ದಿತು. ಬಾಕ್ಲಾಯೋನಿನ ಮುಖಮಂಟಪವೂ ಗಂಟೆಗೋಪುರವೂ ಉರುಳಿದವು. ಇಂತಹ ದೇಶದಲ್ಲಿ ಜೀರ್ಣೋದ್ಧಾರವೆಂಬುದು ಒಮ್ಮೆ ಮಾಡಿ ಮುಗಿಸತಕ್ಕ ಕೆಲಸವಲ್ಲ. ಪ್ರತಿಯೊಂದು ತಲೆಮಾರಿನಲ್ಲಿಯೂ ಬಿದ್ದುದನ್ನು ಎತ್ತುವುದಕ್ಕೆ ಬಲ್ಲವರು ಬೇಕು. ಅವರನ್ನು ಪ್ರತಿ ಸಲವೂ ಹಡಗಿನಲ್ಲಿಯೋ ವಿಮಾನದಲ್ಲಿಯೋ ಹೊರಗಿನಿಂದ ಕರೆತರುವುದು ಸಾಧ್ಯವಲ್ಲ.

ಇದನ್ನು ಬರೆಯುವಾಗ ನಮ್ಮ ದೇಶದ ಒಂದು ಪ್ರಸಂಗವು ನಮಗೆ ನೆನಪಿಗೆ ಬರುತ್ತದೆ. ಅದರಲ್ಲಿ ನಮ್ಮ ಪಕ್ಷದವರ ತಪ್ಪೂ ಇರುವುದರಿಂದ ಹೇಳದೆ ಬಿಡುವುದು ನ್ಯಾಯವಲ್ಲ. ಆರ್ಗನ್ನಿನ ತಂಗಿಯಾದ ಹಾರ್ಮೋನಿಯಮ್ಮು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಇಲ್ಲಿಗೆ ಬಂದಿತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ಬಾರಿಸುವ ಪೆಟ್ಟಿಗೆಯಾಗಿ ಮಾಡಿದರು. ನಮ್ಮ ಕನ್ನಡನಾಡಿನ ನಾಟಕ ಕಂಪೆನಿಗಳಿಗಂತೂ ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಮ್ಮೇ ಪ್ರಾಣವಾಗಿದ್ದಿತು. ಪರದೆ ಏಳುವ ಮೊದಲು ಅದರ ದನಿಯನ್ನು ಕೇಳಿ ರೋಮಾಂಚಗೊಳ್ಳದ ಹಳಬರು ಯಾರಿದ್ದರು? ಆದರೆ ಅದು ಪರದೇಶದ ವಾದ್ಯ, ನಮ್ಮ ಸಂಗೀತದ ಗಮಕಗಳನ್ನು ಅದು ನುಡಿಸಲಾರದು, ಶ್ರುತಿಯನ್ನು ಕೆಡಿಸುತ್ತದೆ ಎಂಬ ವಾದವು ದೇಶಾಭಿಮಾನಿಗಳಲ್ಲಿ ಬಲವಾಯಿತು. ರವೀಂದ್ರನಾಥ ಠಾಕೂರರಂತಹವರೂ ಅದನ್ನು ವಿರೋಧಿಸಿದರು. ವಿನೋದವೆಂದರೆ, ರೇಡಿಯೋ ಇಲಾಖೆಯಲ್ಲಿ ಅದರ ಮೇಲೆ ಖಡ್ಗವೆತ್ತಿದವರಲ್ಲಿ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಗಾರರೂ ಒಬ್ಬರು. ೧೯೪೦ನೆಯ ಮಾರ್ಚಿಯಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರವಾಯಿತು. ಅದು ಸಡಿಲವಾದುದು ೧೯೭೧ರಲ್ಲಿ.

ಗಮಕದ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಕೀಲಿಯಿಂದ ಕೀಲಿಗೆ ಹಾರುವ ವಾದ್ಯವು ವೀಣೆಯ ತಂತಿಯಂತೆ ಜಾರಲಾರದು. ಆದರೆ ಆ ಮೂವತ್ತು ವರ್ಷಗಳಲ್ಲಿ ಸರ್ಕಾರವು ಬಾಯಿಮುಚ್ಚಿಸಿದುದು ಪರದೇಶದ ವಾದ್ಯವನ್ನಲ್ಲ. ಅದನ್ನು ತಮ್ಮದಾಗಿ ಮಾಡಿಕೊಂಡು, ಅದರ ಕುಂದುಗಳನ್ನು ಬೆರಳಿನ ಚಮತ್ಕಾರದಿಂದ ಮುಚ್ಚುತ್ತಿದ್ದ ನಮ್ಮದೇ ಕಲಾವಿದರನ್ನು. ಬೆಳಗಾವಿಯ ರಾಮಭಾವೂ ಬಿಜಾಪುರೆಯವರಂತಹ ವಿದ್ವಾಂಸರನ್ನು ನಾಡಿಗೆ ಕೊ‌ಟ್ಟ ವಾದ್ಯವು ಪರಕೀಯವೆಂದು ಇನ್ನು ಯಾವ ಬಾಯಿಂದ ಹೇಳೋಣ? ಅದನ್ನು ಮಾಡುವವರೂ ನಮ್ಮವರೇ, ಶ್ರುತಿಮಾಡುವವರೂ ನಮ್ಮವರೇ. ಫಿಲಿಪೈನ್ಸಿನವರು ೧೯೯೪ರಲ್ಲಿ ಕಾರ್ಖಾನೆಯನ್ನು ತೆರೆದು ಪಡೆದುದನ್ನು ನಾವು ಕಲ್ಕತ್ತೆಯಲ್ಲಿ ನೂರು ವರ್ಷ ಮೊದಲೇ ಪಡೆದಿದ್ದೆವು. ಪಡೆದುಕೊಂಡುದನ್ನು ಗುರುತಿಸದೆ ಮನೆಯ ಮಗನನ್ನು ನೆರೆಯವನೆಂದು ಹೊರಗೆ ನಿಲ್ಲಿಸಿದೆವು.

ನಮ್ಮ ಪ್ರಾಂತದ ಕೃಷಿವಿಜ್ಞಾನಿಗಳಲ್ಲಿಯೂ ಅಧಿಕಾರಿಗಳಲ್ಲಿಯೂ ಕೆಲವರು ಕೆಲಸದ ನಿಮಿತ್ತ ಫಿಲಿಪೈನ್ಸಿಗೆ ಹೋಗಿಬರುವುದುಂಟು. ೧೯೬೦ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಭತ್ತದ ಸಂಶೋಧನಾಲಯವು ಮನಿಲಾಕ್ಕೆ ದಕ್ಷಿಣದ ಲೋಸ್ ಬಾನ್ಯೋಸಿನಲ್ಲಿದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಕೇಂದ್ರವು ಮನಿಲಾದಲ್ಲಿಯೇ ಇದೆ. ಅಂತಹವರು ಸಾಧ್ಯವಾದರೆ ಫೆಬ್ರವರಿಯಲ್ಲಿ ಹೋಗಲಿ. ಆ ತಿಂಗಳು ಲಾಸ್ ಪಿನ್ಯಾಸಿನಲ್ಲಿ ವರ್ಷಂಪ್ರತಿ ಬಿದಿರಿನ ಆರ್ಗನ್ನಿನ ಸಂಗೀತೋತ್ಸವವು ನಡೆಯುತ್ತದೆ. ದೇಶವಿದೇಶಗಳ ವಾದಕರು ಬಂದು ಬಾರಿಸುತ್ತಾರೆ, ಊರಿನ ಹುಡುಗರ ಮೇಳವು ಹಾಡುತ್ತದೆ. ಕಛೇರಿ ಮುಗಿದ ಮೇಲೆ ವಾದ್ಯದ ಬಳಿಗೆ ಹೋಗುವ ಅವಕಾಶವು ದೊರೆತರೆ, ಮುಂದಿನ ಸಾಲಿನ ಬಿದಿರುಗಳ ಗಿಣ್ಣುಗಳನ್ನೂ, ಅವುಗಳ ಮೇಲೆ ಅಡ್ಡಚಾಚಿರುವ ಲೋಹದ ಕಹಳೆಗಳನ್ನೂ ಹತ್ತಿರದಿಂದ ನೋಡಿ ಬರಲಿ. ಬಂದ ಮೇಲೆ ನಮಗೂ ನಾಲ್ಕು ಸಾಲು ಬರೆದು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.